ಐಡಲ್ ಜೆಟ್ಟೂ ಭಾವಮೈದುನನ ಮದುವೆಯೂ

ಕೈಗೆ ಸ್ಕ್ರೂಡ್ರೈವರ್ ಸಿಕ್ಕ ಕೂಡಲೇ ಕೆಲವು ಗಂಡಸರಿಗೆ ತಾವು ಹುಟ್ಟಿದ್ದೇ ಏನನ್ನಾದರೂ ಬಿಚ್ಚುವುದಕ್ಕೆ ಎನ್ನಿಸಿಬಿಡುತ್ತದೆ. ಮರಳಿ ಜೋಡಿಸುವುದಕ್ಕೂ ಹುಟ್ಟಿದ್ದೇವೆ ಎಂದು ಮಾತ್ರ ಯಾರಿಗೂ ಅನ್ನಿಸುವುದಿಲ್ಲ. ನಾನು ಈ ಪಂಗಡದವನು. ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಅಂಕೋಲೆಯಿಂದ ದಿನಾ ಓಡಾಡುತ್ತಿದ್ದ ನನ್ನ ಬಳಿ ಆಗ, ನಾನು ಹುಟ್ಟುವ ಮೊದಲೇ ಹುಟ್ಟಿದ ಒಂದು ಮೋಟಾರ್‌ಸೈಕಲ್ ಇತ್ತು. ಊರವರೆಲ್ಲ ಸದ್ದಿಲ್ಲದ ಹೊಸ ಬೈಕು ಕೊಂಡು, ಮೊಬೈಲ್ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದ ವರ್ಷಗಳವು. ನಾನು ಮಾತ್ರ ಹಳೆಯ ಗಾಡಿಯ ಘನತೆಯ ಬಗ್ಗೆ, ಕೇಳದವರಿಗೂ ಭಾಷಣ ಮಾಡುತ್ತಿದ್ದೆ.

ಈ ಗಾಡಿಯ ಕಾರ್ಬುರೇಟರಿನ ಹೊಟ್ಟೆಯಲ್ಲಿ ಐಡಲ್ ಜೆಟ್ ಎಂಬ ಹಿತ್ತಾಳೆಯ ತುಂಡೊಂದಿದೆ. ಕಡಲೆಕಾಳಿನಷ್ಟು ಗಾತ್ರ, ನಡುವೆ ಕೂದಲು ತೂರುವಷ್ಟು ತೂತು. ಎಕ್ಸಲರೇಟರ್ ಬಿಟ್ಟಾಗಲೂ ಎಂಜಿನ್ ಆರದೆ ಗುಟುಗುಟು ಎನ್ನುತ್ತಿರುವುದು ಆ ತೂತಿನಿಂದ ಬರುವ ಪೆಟ್ರೋಲಿನ ದಯೆಯಿಂದ. ಒಮ್ಮೆ ಅದರಲ್ಲಿ ಕಸ ಕಟ್ಟಿತು. ಕಾರವಾರದ ಮೆಕ್ಯಾನಿಕ್ಕು, ಗಾಳಿ ಊದಿ ಶುಚಿ ಮಾಡಬೇಕು, ಏನನ್ನೂ ಚುಚ್ಚಬಾರದು ಎಂದು ಕೊಂಕಣಿಯಲ್ಲಿ ಎಚ್ಚರಿಸಿದ್ದ. ನಾನು ಹೆಂಡತಿಯ ಹೊಲಿಗೆಯ ಸೂಜಿ ತಂದು ಚುಚ್ಚಿದೆ. ತೂತು ದೊಡ್ಡದಾಗಿ, ಗಾಡಿ ಭತ್ತದ ಗಿರಣಿಯ ಹಾಗೆ ಹೊಗೆ ಉಗುಳತೊಡಗಿತು. ಅದನ್ನು ಸರಿಮಾಡಲು ತೂತಿಗೆ ಬೆಸುಗೆ ತುಂಬಿ, ಇನ್ನೂ ಸಣ್ಣ ಸೂಜಿಯಿಂದ ಹೊಸ ತೂತು ಕೊರೆದೆ. ಹೊಗೆ ನಿಲ್ಲಲಿಲ್ಲ, ಅದರ ಮೇಲೆ ಅಲ್ಲಿಂದ ಎಕ್ಸಲರೇಟರ್ ಬಿಟ್ಟರೆ ಎಂಜಿನ್ ಸಾಯುತ್ತಿತ್ತು. ಬಿಸಿಯಿದ್ದಾಗ ಸತ್ತರೆ ಒಂದು ಗಂಟೆ ಯಾರ ಒದೆತಕ್ಕೂ ಏಳುತ್ತಿರಲಿಲ್ಲ.

ಇಂಥ ಸ್ಥಿತಿಯಲ್ಲಿ ಭಾವಮೈದುನ ಗಣಪತಿಗೆ ಹೆಣ್ಣು ನೋಡಲು ಹೋಗುವುದು ಗೊತ್ತಾಯಿತು. ಅವನು ಅಗಸೂರಿನಲ್ಲಿ ಮಾಸ್ತರ. ತರಗತಿಯಲ್ಲಿ ಮಾತಾಡುತ್ತಾನಂತೆ, ಹೆಣ್ಣಿನವರ ಮನೆಯಲ್ಲಿ ಮಾತ್ರ ಕಂಬದ ಹಾಗೆ ಕೂರುತ್ತಾನೆ. ಮೂರು ಕಡೆಯವರು ಒಪ್ಪಿರಲಿಲ್ಲ. ಒಂದು ಕಡೆಯವರಂತೂ ಹುಡುಗನಿಗೆ ಕಿವಿ ಕೇಳುತ್ತದೆಯೇ ಎಂದು ವಿಚಾರಿಸಿದ್ದರು. ಇದೂ ತಪ್ಪಿದರೆ ತಮ್ಮ ಇನ್ನು ಮದುವೆಯ ಮಾತೇ ಎತ್ತಲಿಕ್ಕಿಲ್ಲ, ಹಿರಿಯರಾಗಿ ನೀವೇ ಮಾತಾಡಬೇಕು ಎಂದು ನನ್ನ ಹೆಂಡತಿ ಶಾಂತಿ ಹೇಳಿದಳು. ಗಣಪತಿ, ಅತ್ತೆಯವರು ಬಸ್ಸಿನಲ್ಲಿ ಮುಂದೆ ಹೋದರು. ನಾನು ಶಾಂತಿಯನ್ನು ಕೂರಿಸಿಕೊಂಡು ಬೈಕಿನಲ್ಲಿ ಹೊರಟೆ.

ಹೆಣ್ಣಿನ ಮನೆ ಗಂಗಾವಳಿ ಹೊಳೆಯ ಆಚೆ. ಆಗ ಮಂಜಗುಣಿಯಲ್ಲಿ ಸೇತುವೆ ಇರಲಿಲ್ಲ, ಬೈಕನ್ನೂ ದೋಣಿಗೇ ಏರಿಸಬೇಕಿತ್ತು. ಗಾಡಿ ನಿಲ್ಲಿಸಿದರೆ ಶುಭ ಮುಹೂರ್ತ ತಪ್ಪುತ್ತದೆಂದು ಹೊಳೆಯುದ್ದಕ್ಕೂ ಎಕ್ಸಲರೇಟರ್ ತಿರುವುತ್ತ ನಿಂತೆ. ಮೀನಿನ ಬುಟ್ಟಿಯ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ದೋಣಿಯವ, "ನಿಮ್ದೇ ಎಂಜಿನ್ ನಡೀತದಲ್ಲ, ನಂದು ಬಂದ್ ಮಾಡ್ಲಾ?" ಎಂದ.

ಹೆಣ್ಣಿನ ತಂದೆ ನಾರಾಯಣರಿಗೆ ಮೀನು ದೋಣಿಗಳ ಎಂಜಿನ್ ರಿಪೇರಿಯ ಕೆಲಸ. ಅಂಗಳ ಮುಟ್ಟಿದ ಮೇಲೂ ನಾನು ಗಾಡಿಯಿಂದ ಇಳಿಯಲಿಲ್ಲ. ಅಲ್ಲಿ ಎಂಜಿನ್ ನಿಂತರೆ ವಾಪಸು ದೋಣಿ ತಪ್ಪುತ್ತದಲ್ಲ. ಹಿರಿಯನೇ ಒಳಗೆ ಬಾರದೆ ಮಾತುಕತೆ ಶುರುವಾಗದೆಂದು, ಕೊನೆಗೆ ಮನೆಯವರೆಲ್ಲ ಅಂಗಳಕ್ಕೆ ಬಂದರು. ಬೆಂಚು ಬಂತು, ಚಾಪೆ ಬಂತು. ಹುಡುಗ ಕುಡಿಯುತ್ತಾನೆಯೇ ಎಂದು ನಾರಾಯಣರು ಕೇಳಿದರು. ಅದೇ ಹೊತ್ತಿಗೆ ಎಂಜಿನ್ ಬಿಕ್ಕಳಿಸಿತು, ನಾನು ಜೋರಾಗಿ ತಿರುವಿದೆ. ನನ್ನ 'ಇಲ್ಲ' ಆ ಗದ್ದಲದಲ್ಲಿ ಮುಳುಗಿ, ಹೊಗೆ ಮಾತ್ರ ಅವರನ್ನು ತಲುಪಿತು. ಅವರು ವಿಷಾದದಿಂದ ತಲೆಯಾಡಿಸಿದರು. ಶಾಂತಿ ಹಣೆ ಚಚ್ಚಿಕೊಂಡಳು.

ಆಗ ಚಹಾದ ತಟ್ಟೆ ಹಿಡಿದು ಹುಡುಗಿ ಸುಮಂಗಲಾ ಬಂದಳು. ವರನ ಕಡೆ ನೋಡಲೇ ಇಲ್ಲ. ತಲೆ ವಾರೆ ಮಾಡಿ ಗಾಡಿಯ ಸದ್ದು ಆಲಿಸಿದಳು. ತಟ್ಟೆಯನ್ನು ತಾಯಿಯ ಕೈಗೆ ಕೊಟ್ಟು, ಬಾಗಿ ಪೆಟ್ರೋಲಿನ ಕೊಳಾಯಿ ತಿರುಗಿಸಿ ಮುಚ್ಚಿದಳು. ನಾನು ಎಷ್ಟು ತಿರುವಿದರೂ ಸ್ವಲ್ಪ ಹೊತ್ತಿಗೆ ಎಂಜಿನ್ ನಿಂತುಹೋಯಿತು. ಹೊಳೆಯ ಸದ್ದು ಕೇಳಿಸಿತು. ಅಪ್ಪನ ಸ್ಪ್ಯಾನರ್ ತಂದು, ಕಾರ್ಬುರೇಟರ್ ಬಿಚ್ಚಿ, ಜೆಟ್ಟನ್ನು ಬಿಸಿಲಿಗೆ ಹಿಡಿದಳು.

"ಇದಕ್ಕೆ ಬೆಸುಗೆ ತುಂಬಿದವ್ರು ಯಾರ್ರಾ?"

ಅಷ್ಟು ಜನರ ಎದುರು ಏನು ಹೇಳುವುದು? ಅಂಕೋಲೆಯ ಒಬ್ಬ ಮೆಕ್ಯಾನಿಕ್, ಈಗ ಊರು ಬಿಟ್ಟಿದ್ದಾನೆ ಎಂದೆ.

ಚಾಪೆಯ ಮೇಲಿಂದ ಗಣಪತಿಯ ದನಿ ಬಂತು. "ಸುಳ್ಳು. ಭಾವನೇ ಮಾಡದ್ದು. ಬೇಡ ಹೇಳೂಕೆ ನಂಗೆ ಧೈರ್ಯ ಬರ್ಲಿಲ್ಲ, ಬ್ಯಾಟರಿ ಬೆಳಕು ಹಿಡ್ಕಂಡು ನಿಂತಿದ್ದೆ."

ಹೆಣ್ಣು ನೋಡುವ ಮನೆಯಲ್ಲಿ ಅವನಾಡಿದ ಮೊದಲ ಮಾತದು. ಸುಮಂಗಲಾ ಆಗ ಅವನ ಕಡೆ ತಿರುಗಿ, ಚೆನ್ನಾಗಿಯೇ ನೋಡಿದಳು. ನಕ್ಕೂ ಬಿಟ್ಟಳು. ಅಪ್ಪನಿಗೆ, "ಇವ್ರು ಅಡ್ಡಿಲ್ಲ. ಭಾವ ಬೇರೆ ಮನೇಲೇ ಇರೂದಲ್ವಾ?" ಎಂದಳು.

ಮುಂದಿನ ತಿಂಗಳೇ ಮದುವೆಯಾಯಿತು. ಸುಮಂಗಲಾ ಸರಿಯಾದ ಜೆಟ್ ಹಾಕಿ ಕೊಟ್ಟಳು, ಹೊಗೆಯೂ ಹೋಯಿತು. ಗಣಪತಿ ಸತ್ಯ ಹೇಳಿ ಹೆಣ್ಣು ಗೆದ್ದ ಕತೆಯನ್ನು ಶಾಂತಿ ಇಂದಿಗೂ ನೆಂಟರಿಗೆಲ್ಲ ಹೇಳುತ್ತಾಳೆ. ಅವರು ಅವನನ್ನು ಮೆಚ್ಚಿ, ನನ್ನನ್ನು ನೋಡಿ ನಗುತ್ತಾರೆ. ಅಂದು ನಾನು ಹಾಗೆ ಒಂದು ಸುಳ್ಳು ಹೇಳದಿದ್ದರೆ ಅವನಿಗೆ ಸತ್ಯ ಹೇಳುವ ಅವಕಾಶವಾದರೂ ಎಲ್ಲಿತ್ತು? ಇದನ್ನು ಒಬ್ಬರೂ ಯೋಚಿಸುವುದಿಲ್ಲ.