ಚುಕ್ಕೆ, ಗೆರೆ, ಕೊಕ್ಕೆ

"ಇಷ್ಟಕ್ಕೆಲ್ಲ ಟೈಪಿಂಗ್ ಅಂಗಡಿಗೆ ಹೋಗ್ಬೇಕಾ? ಮನೇಲಿ ನಾನೊಬ್ಬ ಇಲ್ವಾ?"

ಯಜಮಾನರು ತೋಳು ಮಡಚಿದರು. ವಿಮಾ ಕಚೇರಿಯಲ್ಲಿ ಅವರು ಹೆಡ್ ಕ್ಲಾರ್ಕ್. ತಾವು ಕುಳಿತರೆ ಕೀಬೋರ್ಡೇ ಬೆವರುತ್ತದೆ ಎಂದು ಹೇಳಿಕೊಳ್ಳುತ್ತಿದ್ದರು. ಬೇರೆ ಯಾರೂ ಹಾಗೆ ಹೇಳಿದ್ದು ದಾಖಲೆಯಲ್ಲಿಲ್ಲ!

ಹೆಂಡತಿ ಕಾಲೇಜಿನಲ್ಲಿ ಭಾಷೆ ಕಲಿಸುವ ಮೇಡಂ. ಗುಡ್ಡ ಗುಡ್ಡ ಅಲೆದು ಅಲ್ಲಿಯ ಜನರ ಹಾಡುಗಳನ್ನು ಬರೆದುಕೊಂಡು ಬಂದಿದ್ದರು. ಅದು ಅವರ ಮೊದಲ ಪುಸ್ತಕ. ಹಾಡಿನ ಉಚ್ಚಾರ ಕೆಡದಿರಲೆಂದು ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ತಲೆಯ ಮೇಲೆ ಗೆರೆ, ಕಾಲ ಕೆಳಗೆ ಚುಕ್ಕೆ, ಕೆಲವಕ್ಕೆ ಕೊಕ್ಕೆ ಹಾಕಿದ್ದರು.

"ರೀ, ಸೋಮವಾರ ಸಂಜೆ ಐದಕ್ಕೆ ಪ್ರಕಾಶಕರಿಗೆ ಕಳಿಸ್ಬೇಕು. ತಪ್ಪಿದ್ರೆ ಮುಂದಿನ ವರ್ಷವೇ ಅಂದಿದ್ದಾರೆ."

"ಸೋಮವಾರ ಯಾಕೆ? ಭಾನುವಾರವೇ ತಗೋ!"

ಕಂಪ್ಯೂಟರಿನಲ್ಲಿ ಸಿಂಬಲ್ ಪೆಟ್ಟಿಗೆ ತೆರೆದರೆ ಕಂಡು ಕೇಳರಿಯದ ಸಾವಿರ ಅಕ್ಷರಗಳು ಪಿಳಿಪಿಳಿ ನೋಡಿದವು. ಬೇಕಾದ್ದನ್ನು ಹುಡುಕಿ ಒತ್ತುವಷ್ಟರಲ್ಲಿ ಕಾಫಿ ತಣ್ಣಗಾಗುತ್ತಿತ್ತು. ಮೊದಲ ಹಾಡು ಮುಗಿಯುವ ಹೊತ್ತಿಗೆ ಯಜಮಾನರ ಕುತ್ತಿಗೆಯೂ ಕೊಕ್ಕೆಯಾಗಿತ್ತು. ಆಗ ಹೊಳೆಯಿತು ನೋಡಿ ಉಪಾಯ! ಗೆರೆ ಹೊತ್ತ a ಬಂದಲ್ಲಿ 1 ಒತ್ತುವುದು, ಚುಕ್ಕೆಯ d ಬಂದಲ್ಲಿ 2 ಒತ್ತುವುದು, ಹೀಗೆ ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ, ಒಂಬತ್ತರವರೆಗೆ. ಕೊನೆಯಲ್ಲಿ 'ಎಲ್ಲವನ್ನೂ ಬದಲಿಸು' ಎಂದು ಒಂದೊಂದು ಗುಂಡಿ ಒತ್ತಿದರೆ ಕಥೆ ಮುಗಿಯಿತು. ಯಜಮಾನರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಸೋಮವಾರ ಮಧ್ಯಾಹ್ನ ಗುಂಡಿಗಳನ್ನು ಒತ್ತಿ, ಉಳಿಸಿ, ಮುಚ್ಚಿ, ಮೀಸೆ ತಿರುವುತ್ತ ಮಡದಿಯನ್ನು ಕರೆದರು. ಮೇಡಂ ಕಡತ ತೆರೆದು ಎರಡು ಪುಟ ನೋಡಿದರು.

"ಅಬ್ಬಾ, ಹಾಡುಗಳು ಎಷ್ಟು ಚೆನ್ನಾಗಿ ಬಂದಿವೆ!"

"ಮತ್ತೇನಂದ್ಕೊಂಡೆ?"

"ಆದ್ರೆ ನಾನು ಗುಡ್ಡಕ್ಕೆ ಹೋದ ವರ್ಷ... āṛṛī ಅಂದ್ರೆ ಏನು?"

ಯಜಮಾನರು ಪರದೆಗೆ ಮೂಗು ತಾಗಿಸಿ ನೋಡಿದರು. 1998 ಅದು! ಪುಸ್ತಕದಲ್ಲಿದ್ದ ಇಸವಿ, ಹಾಡಿನ ಸಂಖ್ಯೆ, ಅಡಿಟಿಪ್ಪಣಿ ಎಲ್ಲವೂ ಗೆರೆ, ಚುಕ್ಕೆ ಹೊತ್ತು ನಿಂತಿದ್ದವು. ಮೇಡಂ ಅವರ ಫೋನ್ ನಂಬರಂತೂ ಯಾವುದೋ ಮಂತ್ರದಂತಿತ್ತು!

"ತಾಳು ತಾಳು, ವಾಪಸ್ ಬದಲಿಸ್ತೀನಿ." ಬದಲಿಸಿದರು. ಹಾಡುಗಳೆಲ್ಲ ಪುನಃ ಅಂಕಿಗಳಾದವು.

"ಮುಟ್ಟಬೇಡಿ! ಕೈ ತೆಗೀರಿ!" ಮೇಡಂ ಕಣ್ಣಲ್ಲಿ ನೀರು ತುಂಬಿತು. "ಇಷ್ಟು ವರ್ಷ ಅಲೆದಿದ್ದು ಇದಕ್ಕೇನಾ?"

ಮತ್ತೆ ಎಲ್ಲವನ್ನೂ ಅಕ್ಷರ ಮಾಡಿ, ಮೇಡಂ ಕೈಬರಹ ನೋಡಿ ಅಂಕಿಗಳನ್ನು ಓದುವುದು, ಯಜಮಾನರು ತಿದ್ದುವುದು ಎಂದಾಯಿತು. ಇನ್ನೇನು ಮುಗಿಯಿತು ಎನ್ನುವಾಗ ಪ್ರಕಾಶಕರ ಫೋನು. "ಕಳಿಸ್ತಾ ಇದ್ದೀವಿ ಸಾರ್, ಒಂದೇ ನಿಮಿಷ!" ಎನ್ನುತ್ತ ಮೇಡಂ ಹೊರಗೆ ಓಡಿದರು.

ಉಳಿದದ್ದು ಒಂದೇ ಒಂದು ಅಂಕಿ. ಲೇಖಕಿಯ ಪರಿಚಯದಲ್ಲಿ ಹುಟ್ಟಿದ ವರ್ಷ. ಅದು ಕೈಬರಹದಲ್ಲಿರಲಿಲ್ಲ, ಮೇಡಂ ಬಾಯಲ್ಲಿ ಹೇಳಿ ಟೈಪ್ ಮಾಡಿಸಿದ್ದರು. ಪರದೆಯ ಮೇಲಿನ ಗೆರೆ, ಚುಕ್ಕೆಗಳನ್ನು ಲೆಕ್ಕ ಹಾಕಿ ಕಂಡುಹಿಡಿಯುವಷ್ಟು ತಾಳ್ಮೆ ಆಗ ಯಾರಿಗಿತ್ತು? ಕೇಳೋಣವೆಂದರೆ, ಈ ದಿನ, ಈ ಹೊತ್ತಿನಲ್ಲಿ, ಹೆಂಡತಿಯನ್ನು ಆ ಪ್ರಶ್ನೆ ಕೇಳುವ ಗಂಡಸು ಇದ್ದಾನೆಯೇ? ಯಜಮಾನರು ಕಣ್ಣು ಮುಚ್ಚಿದರು. ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲ ಅಂಕಿಯೊಂದು ತಾನಾಗಿ ನಾಲಿಗೆಗೆ ಬಂತು. 1978! ಒತ್ತಿದರು, ಕಳಿಸಿದರು, ಉಸಿರು ಬಿಟ್ಟರು.

ಪುಸ್ತಕ ಅಚ್ಚಾಗಿ ಮನೆಗೆ ಬಂತು. ಮೇಡಂ ಹಾಡುಗಳನ್ನೆಲ್ಲ ತಿರುವಿ ಮುಖ ಅರಳಿಸಿದರು. "ಒಂದು ಚುಕ್ಕೆಯೂ ತಪ್ಪಿಲ್ಲ ರೀ!" ಯಜಮಾನರ ಕೈ ಮೀಸೆಗೆ ಹೋಯಿತು. ಮೇಡಂ ಕೊನೆಯ ಪುಟಕ್ಕೆ ಬಂದು ನಿಂತರು. ನೋಡಿದರು, ಮತ್ತೆ ನೋಡಿದರು.

"ನನ್ನನ್ನ ಎರಡು ವರ್ಷ ಚಿಕ್ಕವಳು ಮಾಡಿದ್ದೀರಿ, ಸಂತೋಷ," ಎಂದರು ಮೆಲ್ಲಗೆ. "ಆದ್ರೆ ರೀ, ಇದು ನಿಮ್ಮ ಸ್ಕೂಟರ್ ನಂಬರ್!"