ಸಮುದ್ರಕ್ಕೆ ಬಡಿಸುವ ದೊಡ್ಡ ಮೋರಿಯವರಲ್ಲಿ ಉಪವಾಸದ ಅರಿಕೆ

ತಿರುವಲ್ಲಿಕ್ಕೇಣಿ, ಮದರಾಸು
೧೯೬೨

ಮಾನ್ಯ ಮೋರಿಯವರೇ,

ಊರಿನ ಕೊಳೆಯನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು, ಒಂದು ದಿನವೂ ರಜೆ ಕೇಳದೆ ಸಮುದ್ರಕ್ಕೆ ಮುಟ್ಟಿಸುವ ತಮಗೆ, ಹೋಟೆಲು ಸುಬ್ರಾಯರ ಹೆಂಡತಿ ಅಮ್ಮಣ್ಣಿ ದೂರದಿಂದಲೇ ಮಾಡುವ ನಮಸ್ಕಾರಗಳು. ಹತ್ತಿರ ಬಾರದ್ದಕ್ಕೆ ಬೇಸರಿಸಬೇಡಿ, ಮಡಿಯಲ್ಲಿದ್ದೇನೆ.

ಮಗಳು ವಿಮಲಾ ಬಾಣಂತಿ ಜ್ವರದಲ್ಲಿ ಕೈಬಿಟ್ಟು ಹೋಗುವ ಹಾಗಾದಾಗ, ಅವಳು ಎದ್ದರೆ ಅಮಾವಾಸ್ಯೆಯ ಸಮುದ್ರಸ್ನಾನ ಮಾಡಿಸಿಯೇ ಗಂಡನ ಮನೆಗೆ ಕಳಿಸುತ್ತೇನೆಂದು ಹರಕೆ ಹೊತ್ತಿದ್ದೆ. ದೇವರು ತನ್ನ ಪಾಲಿನದು ನಡೆಸಿಕೊಟ್ಟ. ನಮ್ಮ ಪಾಲಿನದು ನಡೆಸಲು ಹೋದರೆ ನೀರು ಒಂದೆಲಗದ ತಂಬುಳಿಯ ಹಾಗಿತ್ತು. ಹಳದಿ ಸೀರೆಯಲ್ಲಿ ಮುಳುಗಿದ ಹುಡುಗಿ ಹಸಿರು ಸೀರೆಯಲ್ಲಿ ಎದ್ದಳು. ಬಣ್ಣ ಹಾಕಿದ್ದಕ್ಕೆ ತಾವು ಕೂಲಿ ಕೇಳಲಿಲ್ಲ, ದೊಡ್ಡ ಮನಸ್ಸು. ಆದರೆ ನಮ್ಮ ಪುರೋಹಿತರಾದ ವಿಷ್ಣುಮೂರ್ತಿ ಭಟ್ಟರು, ಇದು ಗಿಡದ ಹಸಿರಾದರೆ ಮಡಿ, ಮೋರಿಯದಾದರೆ ಮೈಲಿಗೆ, ಎರಡೂ ಸೇರಿದರೆ ಏನೆಂದು ಶಾಸ್ತ್ರದಲ್ಲಿ ಹೇಳಿಲ್ಲವೆಂದು ಕೈತೊಳೆದುಕೊಂಡರು, ಅದೂ ನಮ್ಮ ಬಾವಿಯ ನೀರಲ್ಲಿ.

ನಮ್ಮಲ್ಲಿ ಊಟಕ್ಕೆ ಬರುವ ಕಾಲೇಜು ಮೇಷ್ಟ್ರು ಕಮಲಾಕರರಾಯರು ಬಿಡಿಸಿ ಹೇಳಿದರು. ಕಡಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸಿಗಳಿವೆಯಂತೆ, ಮೀನುಗಳ ಸಂಸಾರವೆಲ್ಲ ಅವನ್ನೇ ನಂಬಿಕೊಂಡಿದೆಯಂತೆ. ತಾವು ಹೊತ್ತು ತರುವ ಸಾರ ಗೊಬ್ಬರವಾಗಿ ಅವು ಮಿತಿಮೀರಿ ಹೆಚ್ಚಿ, ಆಮೇಲೆ ಸತ್ತು ಕೊಳೆಯುವಾಗ ನೀರಿನ ಉಸಿರನ್ನೆಲ್ಲ ತೆಗೆದುಬಿಡುವುದರಿಂದ ಮೀನುಗಳು ಉಸಿರುಕಟ್ಟಿ ಸಾಯುತ್ತವಂತೆ. ಅನ್ನದಾನದಲ್ಲಿ ತಮ್ಮನ್ನು ಮೀರಿಸುವ ಮಠವನ್ನು ನಾನಂತೂ ಕಂಡಿಲ್ಲ. ಆದರೆ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದವರಿಗೆ ಬಲವಂತ ಮಾಡುವುದಾದರೂ ಒಂದು ಸೌಟು. ತಾವು ಹಂಡೆಯನ್ನೇ ಮಗುಚುತ್ತೀರಿ.

ಆದಕಾರಣ ತಾವು ತಿಂಗಳ ಎರಡು ಏಕಾದಶಿಗಳನ್ನು, ನಿರ್ಜಲವಾಗಿ, ಹಿಡಿಯಬೇಕು. ದ್ವಾದಶಿಯ ಪಾರಣೆ ಮಿತವಾಗಿರಲಿ. ಚಾತುರ್ಮಾಸ್ಯಕ್ಕೆ ಎಲ್ಲಾದರೂ ಒಂದೆಡೆ ಕೂತುಬಿಟ್ಟರೆ ಇನ್ನೂ ಪುಣ್ಯ. "ಊರೆಲ್ಲ ಉಣ್ಣುವಾಗ ಮೋರಿ ಉಪವಾಸ ಮಾಡುವುದು ಹೇಗೆ ಮಾರಾಯ್ತಿ?" ಎಂದು ನಮ್ಮ ಯಜಮಾನರು ನಗುತ್ತಾರೆ. ನಗಲಿ. ಸೊಸೆಯನ್ನು ಯಾವಾಗ ಕಳಿಸುತ್ತೀರೆಂಬ ಬೀಗಿತ್ತಿಯ ಕಾಗದಕ್ಕೆ ಉತ್ತರ ಬರೆಯಬೇಕಾದವಳು ನಾನು. ಹರಕೆ ಸಂದಿತೋ ಇಲ್ಲವೋ ತಿಳಿಯದೆ ಮಗಳನ್ನು ಹೊಸ್ತಿಲು ದಾಟಿಸುವ ಧೈರ್ಯ ನನಗಿಲ್ಲ.

ಬರುವ ಅಮಾವಾಸ್ಯೆಗೆ ತಮ್ಮ ಬಾಯಿ ಒಣಗಿರಲೆಂದು ಹಾರೈಸುವ,
ತಮ್ಮ ವಿಶ್ವಾಸಿ
ಅಮ್ಮಣ್ಣಿ

ಮರೆತ ಮಾತು: ತಮಗೆ ಓದು ಬಾರದೆಂದು ಬಲ್ಲೆನಾದ್ದರಿಂದ ಇದರ ಪ್ರತಿಯೊಂದನ್ನು ತಮ್ಮ ಮೇಲಧಿಕಾರಿಗಳಾದ ಕಾರ್ಪೊರೇಷನ್ನಿನವರಿಗೆ ಕಳಿಸಿದ್ದೇನೆ, ಜೊತೆಗೆ ಒಂದು ಸೀಸೆ ಹಸಿರು ನೀರನ್ನೂ. ಕೇಳಿದವರಿಗೆಲ್ಲ ಸಮುದ್ರಕ್ಕೆ ಏನೂ ಆಗಿಲ್ಲವೆಂದು ಹೇಳಿದವರು ಅವರೇ. ಅವರು ಅದರಲ್ಲಿ ಮೂರು ಉದ್ಧರಣೆ ಆಚಮನ ಮಾಡಲಿ. ಮಾಡಿದರೆ, ವಿಮಲಾಳ ಸ್ನಾನವೂ ಸಂದಿತೆಂದು ನಂಬಿ, ಅವತ್ತೇ ಅವಳನ್ನು ಗಂಡನ ಮನೆಗೆ ಮಂಗಳೂರು ಮೇಲು ರೈಲು ಹತ್ತಿಸುತ್ತೇನೆ.