ಬ್ರಾಂಡಿ ಅಂಗಡಿ ಪಕ್ಕದ ಮೆಟ್ಟಿಲು

ವರದರಾಜ ಮೇಷ್ಟ್ರ ಗಂಟಲಲ್ಲಿ ಎರಡು ತಿಂಗಳಿಂದ ಏನೋ ಸಿಕ್ಕಿಕೊಂಡ ಹಾಗಿತ್ತು. ಅನ್ನ ಇಳಿಯುವಾಗ ನೋವು, ಪಾಠ ಮಾಡುವಾಗ ಕರಕರ. ಹೆಂಡತಿ ಚೂಡಾಮಣಿಗೆ ಹೇಳಿದರೆ ಊಟ ನಿದ್ದೆ ಬಿಟ್ಟು ಕೂರುತ್ತಾಳೆಂದು ಬಾಯಿ ಬಿಟ್ಟಿರಲಿಲ್ಲ.

ಹೊಳೆನರಸೀಪುರದ ಪೇಟೆ ಬೀದಿಗೆ ಬುಧವಾರಕ್ಕೊಮ್ಮೆ ಹಾಸನದಿಂದ ಒಬ್ಬ ಡಾಕ್ಟರು ಬರುತ್ತಿದ್ದರು. ಊರವರಿಗೆ ಅವರ ಹೆಸರು ಬೇಕಿರಲಿಲ್ಲ, 'ಗಡ್ಡೆ ಡಾಕ್ಟರು' ಅಂದರೆ ಸಾಕಿತ್ತು. ಅವರ ಮೆಟ್ಟಿಲು ಹತ್ತಿದವರನ್ನು ಕಂಡರೆ ಜನ ದನಿ ತಗ್ಗಿಸುತ್ತಿದ್ದರು, ಹೆಣದ ಮನೆ ಮುಂದೆ ಹಾದುಹೋಗುವಾಗ ತಗ್ಗಿಸುವ ಹಾಗೆ. ಆ ಮೆಟ್ಟಿಲು ಇದ್ದದ್ದು ಬ್ರಾಂಡಿ ಅಂಗಡಿಯ ಪಕ್ಕದಲ್ಲಿ.

ಅದು ಎರಡು ಸಾವಿರದ ಏಳನೇ ಇಸವಿ. ಎರಡು ಅಂಗಡಿಗೆ ಕನ್ನ ಬಿದ್ದ ಮೇಲೆ ವರ್ತಕರ ಸಂಘದವರು ಬೀದಿಗೆ ನಾಲ್ಕು ಕ್ಯಾಮೆರಾ ಹಾಕಿಸಿದ್ದರು. ಅದರ ಟೀವಿ ಅಧ್ಯಕ್ಷ ಪರಮಶಿವಯ್ಯನವರ ಜವಳಿ ಅಂಗಡಿಯಲ್ಲಿತ್ತು. ಕಳ್ಳ ಒಬ್ಬನೂ ಸಿಕ್ಕಿರಲಿಲ್ಲ. ಆದರೆ ಯಾರ ಸೊಸೆ ಯಾರ ಸ್ಕೂಟರಿನಿಂದ ಇಳಿದಳು, ಯಾರು ಯಾರನ್ನು ಕಂಡು ಮುಖ ತಿರುಗಿಸಿದರು ಎಂಬುದೆಲ್ಲ ಸಿಗುತ್ತಿತ್ತು. ಧಾರಾವಾಹಿ ನೋಡುತ್ತಿದ್ದವರೂ ಈಗ ಅಲ್ಲೇ ಬಂದು ಕೂರುತ್ತಿದ್ದರು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರು ಆಚೀಚೆ ನೋಡಿ ಮೆಟ್ಟಿಲು ಹತ್ತಿದರು. ಡಾಕ್ಟರು ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸಿ, ಒಂದು ಚೂರು ಮಾಂಸ ಕಿತ್ತು ಶೀಶೆಗೆ ಹಾಕಿಕೊಂಡರು. "ಮುಂದಿನ ಬುಧವಾರ ರಿಪೋರ್ಟ್ ಬರುತ್ತೆ. ಬರುವಾಗ ಮನೆಯವರನ್ನೂ ಕರಕೊಂಡು ಬನ್ನಿ," ಎಂದರು.

ಆ ಕೊನೇ ಮಾತು ಕೇಳಿದ ಮೇಲೆ ಮೇಷ್ಟ್ರು ಗೋಡೆ ಹಿಡಿದುಕೊಂಡೇ ಮೆಟ್ಟಿಲಿಳಿದರು. ಕೆಳಗೆ ಬಂದು ಬ್ರಾಂಡಿ ಅಂಗಡಿಯ ಕಟ್ಟೆ ಹಿಡಿದು ನಿಂತರು. ಅಂಗಡಿಯವನು ಪಾಪ ಅಂತ ಒಂದು ಗ್ಲಾಸು ನೀರು ಕೊಟ್ಟ. ಪರಮಶಿವಯ್ಯನವರ ಕಪ್ಪು ಬಿಳುಪು ಟೀವಿಯಲ್ಲಿ ನೀರಿಗೂ ಬ್ರಾಂಡಿಗೂ ವ್ಯತ್ಯಾಸ ಕಾಣುವಂತಿರಲಿಲ್ಲ.

ಸ್ಕೂಲಿಗೆ ಹೋಗಿ ಹಾಜರಿ ಕೂಗುವ ಹೊತ್ತಿಗೆ ನಾಲಿಗೆ ನೆನೆದ ಚಪ್ಪಲಿಯ ಹಾಗೆ ಭಾರವಾಗಿತ್ತು. 'ಶಿವರಂಜನಿ' ಎಂಬ ಹೆಸರು 'ಚಿವಂಜಿ' ಆಗಿ ಹೊರಬಿತ್ತು. ಮಕ್ಕಳು ಬೆಂಚು ಬಡಿದು ನಕ್ಕವು. ಹೆಡ್‌ಮಾಸ್ಟರ್ ದೇವರಾಜು ಅವರನ್ನು ರೂಮಿಗೆ ಕರೆಸಿ, ಹತ್ತಿರ ಬಂದು ಮೂಸಿದರು. ಔಷಧದ ಸ್ಪಿರಿಟ್ ಗಮ್ಮೆಂದಿತು.

"ಬಟ್ಟೆ ಅಂಗಡಿಯಿಂದ ಫೋನ್ ಬಂದಾಗ ನಾನು ನಂಬಲಿಲ್ಲ ಮೇಷ್ಟ್ರೇ."

"ಗಂತಲು ಸಾರ್..."

"ಗಂಟಲು ಒಣಗುತ್ತೆ, ಗೊತ್ತು. ಬೆಳಿಗ್ಗೆ ಒಂಬತ್ತಕ್ಕೇನಾ? ನಾಳೆ ಸ್ಕೂಲ್ ಕಮಿಟಿಯವರು ಬರ್ತಾರೆ, ಅವರ ಮುಂದೆ ಹೇಳಿ. ಈಗ ಮನೆಗೆ ಹೋಗಿ ಮಲಗಿ."

ಮನೆ ಗೇಟಿನಲ್ಲೇ ಪಕ್ಕದ ಮನೆ ನೀಲಗಂಗಮ್ಮ ಕಾದು ನಿಂತಿದ್ದರು. ಅಷ್ಟರಲ್ಲಿ ಮೇಷ್ಟ್ರ ನಾಲಿಗೆ ತಿರುಗುತ್ತಿತ್ತು.

"ಬಾಗೂರ್ ತಾವ ಒಬ್ರು ಬೇರು ಕೊಡ್ತಾರೆ ಮೇಷ್ಟ್ರೇ. ಒಂದ್ ದಪ ಅರ್ದು ಕುಡುದ್ರೆ ಸಾಕು, ಆಮೇಕೆ ಬಾಟ್ಲಿ ಕಂಡ್ರೆ ವಾಂತಿ ಬತ್ತದೆ."

"ನಾನು ಕುಡಿಯಲ್ಲಮ್ಮ."

"ನಮ್ ಯಜಮಾನ್ರೂ ಸಾಯೋಗಂಟ ಅಂಗೇ ಅಂತಿದ್ರು."

ಒಳಗೆ ಚೂಡಾಮಣಿ ಕುಡಿಯಲು ನೀರು ತಂದಿಟ್ಟಳು. ಅವಳ ಮುಖ ಬಾಡಿತ್ತು. ಮೇಷ್ಟ್ರೇ ಮಾತು ತೆಗೆದರು. "ಊರೆಲ್ಲ ಏನಂತಿದೆ ಕೇಳಿದೆ ತಾನೇ? ಹೋಗಿ ಆ ರೆಕಾರ್ಡು ಹಾಕಿಸ್ತೀನಿ. ಎಲ್ಲರೂ ನೋಡಲಿ."

"ಬೇಡ ಕಣ್ರೀ," ಎಂದಳು ಅವಳು ಗಾಬರಿಯಿಂದ. "ಅನ್ನೋರು ಅಂದ್ಕೊಳ್ಳಲಿ. ಆ ಟೀವಿ ತಂಟೆಗೆ ಮಾತ್ರ ಹೋಗ್ಬೇಡಿ."

ಇಪ್ಪತ್ತೈದು ವರ್ಷ ಜೊತೆಗಿದ್ದವಳೂ ನಂಬಿಬಿಟ್ಟಳಲ್ಲ ಎಂದು ಮೇಷ್ಟ್ರಿಗೆ ಉರಿದುಹೋಯಿತು. ಕುಡುಕ ಅನ್ನಿಸಿಕೊಂಡು ಕೆಲಸ ಕಳೆದುಕೊಳ್ಳುವುದಕ್ಕಿಂತ ರೋಗಿ ಅನ್ನಿಸಿಕೊಳ್ಳುವುದೇ ವಾಸಿ. ಸಂಜೆ ಐದಕ್ಕೆ ಜವಳಿ ಅಂಗಡಿಗೆ ನಡೆದರು.

ಅಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಪರಮಶಿವಯ್ಯನವರು ಪ್ರೀತಿಯಿಂದಲೇ ಬರಮಾಡಿಕೊಂಡರು. "ಬನ್ನಿ ಮೇಷ್ಟ್ರೇ. ಕ್ಯಾಮ್ರಾ ಇರೋದು ಊರಿನ ಕಾವಲಿಗೆ. ತಪ್ಪು ಮಾಡ್ದೆ ಇರೋರು ಯಾಕೆ ಎದರಬೇಕು ಏಳಿ?"

"ಅದಕ್ಕೇ ಬಂದೆ. ನಾನು ಅಂಗಡಿಗೆ ಹೋದದ್ದಲ್ಲ. ಒಂಬತ್ತು ಗಂಟೆಯದು ಹಾಕಿಸಿ. ನಾನು ಯಾವ ಕಡೆ ತಿರುಗಿದೆ ಅಂತ ನಿಮಗೇ ಕಾಣುತ್ತೆ."

ಪರಮಶಿವಯ್ಯನವರ ತಮ್ಮ ಸಿದ್ದೇಶ್ವರ ಮಿಷನ್ನಿನ ಮುಂದೆ ಕೂತು, ಕೋಳಿ ಕಾಳು ಹೆಕ್ಕುವ ಹಾಗೆ ಗುಂಡಿಗಳನ್ನು ಒತ್ತಿದ. "ಬುದುವಾರ, ಒಂಬತ್ ಗಂಟೆ. ಬಂತು ನೋಡಿ ಸಾ."

ಪರದೆಯ ಮೇಲೆ ಬ್ರಾಂಡಿ ಅಂಗಡಿ, ಪಕ್ಕದಲ್ಲಿ ಮೆಟ್ಟಿಲು. ಒಬ್ಬ ಹೆಂಗಸು ತಲೆ ಮೇಲೆ ಸೆರಗು ಎಳೆದುಕೊಂಡು ಬಂದಳು. ಅಂಗಡಿಯ ಮುಂದೆ ನಿಂತಳು. ಆಚೆ ನೋಡಿದಳು, ಈಚೆ ನೋಡಿದಳು. ಮುಖ ಕಾಣುವ ಮೊದಲೇ ಮೇಷ್ಟ್ರಿಗೆ ನಡಿಗೆ ಗುರುತಾಯಿತು.

"ತಪ್ಪೋಯ್ತು ಸಾ, ಇದು ಓದ್ ಬುದುವಾರದ್ದು," ಎಂದ ಸಿದ್ದೇಶ್ವರ. ಮತ್ತೆ ಕಣ್ಣು ಕಿರಿದು ಮಾಡಿದ. "ಇವರು ನಿಮ್ಮನೆ ಅಮ್ಮಾವ್ರಲ್ವಾ?"

ಹತ್ತು ತಲೆಗಳು ಟೀವಿಯತ್ತ ಬಾಗಿದವು. ಹೋದ ಬುಧವಾರ ಸ್ಕೂಲಿಗೆ ರಜೆಯಿತ್ತು. ಚೂಡಾಮಣಿ ತರಕಾರಿಗೆ ಹೋಗಿ ಬರಲು ಎರಡು ತಾಸು ಮಾಡಿದ್ದಳು. ತಂದದ್ದು ಒಂದು ಕಟ್ಟು ಸೊಪ್ಪು. ಇನ್ನೊಂದು ಹೆಜ್ಜೆ ಇಟ್ಟರೆ ಅವಳು ಮೆಟ್ಟಿಲ ಕಡೆ ತಿರುಗುತ್ತಾಳೆ. ಆಮೇಲೆ ಅವಳು ಹೋದಲ್ಲೆಲ್ಲ ಜನ ದನಿ ತಗ್ಗಿಸುತ್ತಾರೆ.

ಮೇಷ್ಟ್ರು ಎದ್ದು ಟೀವಿಗೆ ಅಡ್ಡ ನಿಂತರು. "ನಿಲ್ಲಿಸಪ್ಪ."

"ಯಾಕ್ ಸಾ, ನೀವೇ ಕೇಳಿದ್ದು."

"ನಾನು ಕುಡಿದದ್ದು ನಿಜ. ಹೋದ ವಾರ ಬಾಟಲಿ ತರೋಕೆ ಅವಳನ್ನೇ ಕಳಿಸಿದ್ದೆ. ಇನ್ನು ಮುಂದಕ್ಕೆ ಓಡಿಸಬೇಡ."

ಅಂಗಡಿ ತುಂಬ ಹೊಟ್ಟೆ ತುಂಬಿದವರ ನಿಟ್ಟುಸಿರು ಎದ್ದಿತು. ಸಿದ್ದೇಶ್ವರ ಗುಂಡಿ ಒತ್ತಿ ಪರದೆ ಆರಿಸಿದ. ಪರಮಶಿವಯ್ಯನವರು ಮೇಷ್ಟ್ರ ಭುಜದ ಮೇಲೆ ಕೈಯಿಟ್ಟರು. "ಒಪ್ಕೊಂಡ್ರಲ್ಲ, ಅದು ದೊಡ್ಡ ಗುಣ. ಆದ್ರೂ ಎಂಗಸ್ರನ್ನ ಕಳಿಸಬಾರ್ದಿತ್ತು ಮೇಷ್ಟ್ರೇ."

ಮನೆಗೆ ಬಂದಾಗ ಚೂಡಾಮಣಿ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವರು ಎದುರಿಗೆ ಕೂತರು.

"ಹಾಕಿದ್ರಾ ರೆಕಾರ್ಡು?"

"ಹಾಕಿದ್ರು. ಹೋದ ಬುಧವಾರದ್ದು ಬಂತು."

ಅವಳ ಕೈ ನಿಂತಿತು.

"ನಾನೂ ಇವತ್ತು ಅದೇ ಮೆಟ್ಟಿಲು ಹತ್ತಿದ್ದೆ ಚೂಡಾ. ಗಂಟಲಿಗೆ. ರಿಪೋರ್ಟು ಇನ್ನೊಂದು ವಾರ ಅಂದ್ರು." ಒಂದು ಅವರೆಕಾಯಿ ಕೈಗೆತ್ತಿಕೊಂಡು ಕೇಳಿದರು, "ನಿಂದು?"

"ಮಧ್ಯಾಹ್ನ ನೀವು ಮಲಗಿದ್ದಾಗ ಹೋಗಿ ತಗೊಂಡು ಬಂದೆ," ಎಂದಳು. "ಆ ಹೊತ್ತಿಗೆ ಬೀದಿಯೆಲ್ಲ ನಿಮ್ಮ ಮಾತೇ ಆಡ್ತಿತ್ತು. ನನ್ನನ್ನ ಯಾರೂ ನೋಡಲಿಲ್ಲ."

"ಏನಂದ್ರು?"

ಅವಳು ಸಿಪ್ಪೆಗಳನ್ನು ಒಂದು ಕಡೆ ಸರಿಸಿದಳು.

"ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದಾರೆ."